ತೊಟ್ಟಿಲಿಗೂ ಇಂಬಿದ್ದ ಮನೆ

ಕೃಷ್ಣಾ ನದಿಗೂ ಡೋಣಿ ನದಿಗೂ ನಡುವೆ ಹರಡಿಕೊಂಡಿರುವುದು ಕರಿಮಣ್ಣಿನ ವಿಶಾಲವಾದ ಬಯಲು. ಬಸವನ ಬಾಗೇವಾಡಿ ಸೀಮೆಯ ಮಸೂತಿಯಂಥ ಹಳ್ಳಿಗಳು ಈ ಬಯಲಿನ ಮೇಲಿವೆ. ಮಳೆ ಚೆನ್ನಾಗಿ ಆದ ವರ್ಷ ಇಲ್ಲಿಯ ಎರೆಹೊಲ ಆಳೆತ್ತರದ ಬಿಳಿಜೋಳವನ್ನು ಬೆಳೆದುಕೊಡುತ್ತದೆ. ಮಳೆ ಮುಖ ತಿರುಗಿಸಿದ ವರ್ಷ ಅದೇ ಹೊಲ ಬಾಯಿಬಿಟ್ಟು ಬಿರಿಯುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಕಡೆಗೂ ಇದೇ ಮಾತು. ಬರ ಬಿದ್ದಾಗ ಜನ ರೊಟ್ಟಿಯ ಬುತ್ತಿ ಕಟ್ಟಿಕೊಂಡು, ಮಕ್ಕಳುಮರಿಗಳೊಡನೆ ಗುಳೆ ಹೊರಡುವುದು ಈ ನಾಡಿನ ಹಳೆಯ ರೂಢಿ. ಹೀಗೆ ಹೊರಟ ಹೆಣ್ಣಿಗೆ ನಡುದಾರಿಯಲ್ಲಿ ಗಂಡ ತೀರಿಕೊಂಡರೆ, ಅಥವಾ ಗಂಡನೇ ಕೈಬಿಟ್ಟುಹೋದರೆ, ಬಗಲಲ್ಲಿ ಕೂಸೂ ಇದ್ದರೆ, ಆಕೆ ಯಾರ ಬಾಗಿಲಿಗೆ ಹೋಗಿ ನಿಲ್ಲಬೇಕು?

1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ದಕ್ಷಿಣ ಭಾರತವನ್ನು ನುಂಗಿದ ಮಹಾಕ್ಷಾಮದಲ್ಲಿ ಅಸಂಖ್ಯ ತಾಯಂದಿರು ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ಆಗ ಈ ಜಿಲ್ಲೆಗೆ ಕಲಾದಗಿ ಜಿಲ್ಲೆಯೆಂಬ ಹೆಸರಿತ್ತು. 1872ರ ಗಣತಿಯಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿದ್ದ ಅದರ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ ಆರೂವರೆ ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಕೆಲವರು ಸತ್ತರು, ಕೆಲವರು ಊರುಬಿಟ್ಟರು. ಊರುಬಿಟ್ಟವರಲ್ಲಿ ಮರಳಿ ಬಾರದವರೂ ಇದ್ದರು.

ಒಂಟಿ ಹೆಂಗಸಿಗಿಂತ ಕೂಸಿರುವ ಹೆಂಗಸಿನ ಕಷ್ಟ ಹೆಚ್ಚಿನದು. ಒಂಟಿಯಾಗಿದ್ದರೆ ಯಾರದೋ ಮನೆಯಲ್ಲಿ ಬೀಸುವ ಕುಟ್ಟುವ ಕೆಲಸಕ್ಕೆ ನಿಲ್ಲಬಹುದು. ಆದರೆ ಎದೆಹಾಲಿನ ಮಗುವಿರುವವಳನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಜನ ಹಿಂದೆಮುಂದೆ ನೋಡುತ್ತಾರೆ. ಮಗುವನ್ನು ಮಾತ್ರ ಸಾಕಲು ಒಪ್ಪುವ ಬಂಧುಗಳು ಸಿಕ್ಕಾರು. ತಾಯಿಯೂ ಬರುವಳೆಂದರೆ ಅವರು ಬಾಗಿಲನ್ನು ಅರ್ಧ ಮುಚ್ಚಿ ಮಾತನಾಡುತ್ತಾರೆ. ಆದುದರಿಂದ ದಿಕ್ಕಿಲ್ಲದ ತಾಯಿಗೆ ಲೋಕ ಮೊದಲು ಹೇಳುವ ಬುದ್ಧಿ, ಮಗುವನ್ನು ಎಲ್ಲಿಯಾದರೂ ಬಿಟ್ಟು ಬಾ ಎಂಬುದೇ. ಇದಕ್ಕಿಂತ ಕ್ರೂರವಾದ ಹಿತವಚನ ಮತ್ತೊಂದಿಲ್ಲ.

ತಾಯಿಗೂ ಮಗುವಿಗೂ ಒಟ್ಟಿಗೆ ಬಾಗಿಲು ತೆರೆಯುವ ಪ್ರಯತ್ನ ನಮ್ಮ ನೆರೆನಾಡಿನಲ್ಲಿ ಬಹಳ ಹಿಂದೆಯೇ ಆರಂಭವಾಯಿತು. 1863ರಲ್ಲಿ ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು ಪುಣೆಯ ತಮ್ಮ ಮನೆಯಲ್ಲಿಯೇ ಒಂದು ಪ್ರಸೂತಿಗೃಹವನ್ನು ತೆರೆದರು. ಲೋಕದ ಬಾಯಿಗೆ ಹೆದರಿ ಹಸುಗೂಸನ್ನು ಕೊಲ್ಲುವ ಸ್ಥಿತಿಗೆ ಬಂದ ವಿಧವೆಯರು ಅಲ್ಲಿ ಬಂದು ಹೆರಬಹುದಾಗಿತ್ತು. ಮಗುವನ್ನು ಜೊತೆಗೆ ಒಯ್ಯುವುದೂ ಅಲ್ಲಿಯೇ ಬಿಟ್ಟುಹೋಗುವುದೂ ತಾಯಿಯ ಇಷ್ಟ. 1874ರಲ್ಲಿ ಅಲ್ಲಿಗೆ ಬಂದ ಕಾಶೀಬಾಯಿಯೆಂಬ ವಿಧವೆಯ ಮಗ ಯಶವಂತನನ್ನು ಫುಲೆ ದಂಪತಿಗಳು ದತ್ತು ತೆಗೆದುಕೊಂಡರು. ಆತ ಮುಂದೆ ವೈದ್ಯನಾದ. ವಿಜಯಪುರ ಸೀಮೆಯ ಭಕ್ತರು ದಿಂಡಿ ಕಟ್ಟಿಕೊಂಡು ನಡೆದುಹೋಗುವ ಪಂಢರಪುರದಲ್ಲಿಯೂ 1875ರಲ್ಲಿ ಪ್ರಾರ್ಥನಾ ಸಮಾಜದವರು ಇಂಥದೇ ಒಂದು ಶಿಶುಗೃಹವನ್ನು ಕಟ್ಟಿದರು. ಯಾತ್ರೆಯ ಗದ್ದಲದಲ್ಲಿ ಹಸುಳೆಗಳನ್ನು ಬಿಟ್ಟುಹೋಗುವವರಿದ್ದರು ಎಂಬುದನ್ನು ಬಲ್ಲವರಿಗೆ ಆ ಊರನ್ನೇ ಏಕೆ ಆರಿಸಿಕೊಂಡರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇವು ಚಿಕ್ಕ ಮನೆಗಳು. ಸಾವಿರಾರು ಜನರನ್ನು ಒಂದೇ ಸೂರಿನಡಿ ಸಾಕುವ ಸಾಹಸವನ್ನು ಕೈಗೊಂಡವರು ಪಂಡಿತಾ ರಮಾಬಾಯಿ. ವಿಜಯಪುರದಿಂದ ಸೊಲ್ಲಾಪುರದ ಮೇಲೆ ಪುಣೆಗೆ ಹೋಗುವ ರೈಲುದಾರಿಯಲ್ಲಿ, ದೌಂಡ್ ದಾಟಿದ ಮೇಲೆ, ಕೇಡಗಾಂವ ಎಂಬ ಚಿಕ್ಕ ನಿಲ್ದಾಣ ಸಿಗುತ್ತದೆ. ಅವರ ‘ಮುಕ್ತಿ ಸದನ’ ಇರುವುದು ಅಲ್ಲಿ. ಊರು ಮಹಾರಾಷ್ಟ್ರದ್ದಾದರೂ ರಮಾಬಾಯಿ ಹುಟ್ಟಿದ್ದು ನಮ್ಮ ನಾಡಿನಲ್ಲಿ.

ರಮಾಬಾಯಿಯ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಅವರು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸತೊಡಗಿದಾಗ ಬಂಧುಬಾಂಧವರು ಕೆಂಡವಾದರು. ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು, ಹೆಣ್ಣು ಕಲಿಯಬಾರದೆಂದು ಶಾಸ್ತ್ರ ಹೇಳುವುದಿಲ್ಲವೆಂದು ಶಾಸ್ತ್ರಿಗಳು ವಾದಿಸಿದರು. ಆಮೇಲೆ ಊರ ಸಹವಾಸವೇ ಬೇಡವೆಂದು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಸಂಸಾರವೆಲ್ಲ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಲಗಿ, ಆಳಿನ ತಲೆಯ ಮೇಲೆ ಕುಳಿತು, ಆ ಮಗು ಘಟ್ಟ ಇಳಿಯಿತು. ಅಂದಿನಿಂದ ಆಕೆಗೆ ಸ್ವಂತ ಮನೆಯೆಂಬುದು ಬಹುಕಾಲ ಇರಲಿಲ್ಲ. ಪುರಾಣ ಹೇಳುತ್ತ ಊರೂರು ಅಲೆಯುವುದೇ ಬಾಳಾಯಿತು. ತಾಯಿ ಮುಂಜಾನೆ ಎಬ್ಬಿಸಿ ಕಲಿಸಿದ ಸಂಸ್ಕೃತವೊಂದೇ ಆಸ್ತಿ.

ರಮಾಬಾಯಿ ಹದಿಹರೆಯಕ್ಕೆ ಬರುವ ಹೊತ್ತಿಗೆ ಬರಗಾಲ ಬಂದಿತು. ಇದ್ದುದೆಲ್ಲ ಮಾರಿಹೋಯಿತು. ಕಾಡಿನಲ್ಲಿ ಹನ್ನೊಂದು ದಿನ ನೀರು, ಎಲೆ, ಹಿಡಿಯಷ್ಟು ಕಾಡು ಈಚಲಹಣ್ಣುಗಳನ್ನು ತಿಂದು ಜೀವ ಹಿಡಿದುಕೊಂಡಿದ್ದರೆಂದು ಅವರೇ ಬರೆದಿದ್ದಾರೆ. ಮೊದಲು ತಂದೆ ತೀರಿಕೊಂಡರು, ಹಿಂದೆಯೇ ತಾಯಿ. ತಾಯಿಯ ಹೆಣವನ್ನು ಹೊರಲು ನಾಲ್ಕು ಜನ ಸಿಗಲಿಲ್ಲ. ಇಬ್ಬರು ಕನಿಕರಪಟ್ಟು ಬಂದರು, ಮೂರನೆಯವನು ಅಣ್ಣ ಶ್ರೀನಿವಾಸ. ನಾಲ್ಕನೆಯ ಹೆಗಲು ರಮಾಬಾಯಿಯದೇ ಆಗಬೇಕಾಯಿತು. ಆಕೆ ಗಿಡ್ಡ ಆಳು. ಹೆಗಲ ಮೇಲೆ ಹೊತ್ತರೆ ಚಟ್ಟ ವಾಲುತ್ತಿತ್ತು. ಹಾಗಾಗಿ ತಲೆಯ ಮೇಲೆ ಹೊತ್ತು ಸ್ಮಶಾನದವರೆಗೆ ನಡೆದರು.

ಅಣ್ಣತಂಗಿಯರು ಕಾಲ್ನಡಿಗೆಯಲ್ಲಿ ಭಾರತವನ್ನೆಲ್ಲ ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಆಕೆಯ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’ ಎಂದೂ ‘ಸರಸ್ವತಿ’ ಎಂದೂ ಬಿರುದಿತ್ತರು. 1880ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ ಆಕೆ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಜಾತಿಯ ಕಟ್ಟನ್ನು ಮೀರಿ ಮದುವೆಯಾದರು. 1881ರಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಬಂದು ಗಂಡ ತೀರಿಕೊಂಡರು. ಆಗ ರಮಾಬಾಯಿಗೆ ಇಪ್ಪತ್ತಮೂರು ವರ್ಷ, ಮಗುವಿಗೆ ಹತ್ತು ತಿಂಗಳು.

ಪಂಡಿತೆಯೆಂಬ ಬಿರುದನ್ನು ಬದಿಗಿಟ್ಟು ನೋಡಿದರೆ ಆಗ ಉಳಿದದ್ದು ಇಷ್ಟೇ: ತವರಿಲ್ಲದ, ಅತ್ತೆಮನೆಯಿಲ್ಲದ, ಕೂಸನ್ನೆತ್ತಿಕೊಂಡ ಒಬ್ಬ ವಿಧವೆ. ಮುಂದೆ ಆಕೆ ಯಾರಿಗಾಗಿ ಮನೆ ಕಟ್ಟಿದರೋ ಅವರಲ್ಲಿ ತಾವೂ ಒಬ್ಬರಾಗಿದ್ದರು. ಕರುಣೆಯಿಂದ ಕಟ್ಟಿದ ಆಶ್ರಮಗಳು ಬೇಕಾದಷ್ಟಿವೆ. ಅನುಭವದಿಂದ ಕಟ್ಟಿದವು ಕಡಿಮೆ.

1883ರಲ್ಲಿ ಆಕೆ ಇಂಗ್ಲೆಂಡಿಗೆ ಹೋದರು, ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. 1886ರಲ್ಲಿ ಅಮೇರಿಕೆಗೆ ಹೋಗಿ, ಭಾರತದ ವಿಧವೆಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದು, ಊರೂರು ಭಾಷಣ ಮಾಡಿದರು. ಅಲ್ಲಿಯ ಹಿತೈಷಿಗಳು ಬಾಸ್ಟನ್ ನಗರದಲ್ಲಿ ಒಂದು ಸಂಘವನ್ನು ಸ್ಥಾಪಿಸಿ, ವಿಧವೆಯರ ಶಾಲೆಯೊಂದಕ್ಕೆ ಹತ್ತು ವರ್ಷ ಹಣ ಒದಗಿಸಲು ಒಪ್ಪಿದರು. ಈ ತಿರುಗಾಟದಲ್ಲಿ ಐದು ವರ್ಷದ ಮನೋರಮೆಯನ್ನು ತಮ್ಮೊಡನೆ ಇಟ್ಟುಕೊಳ್ಳಲಾರದೆ ಇಂಗ್ಲೆಂಡಿನ ಸನ್ಯಾಸಿನಿಯರ ಬಳಿಗೆ ಕಳುಹಿಸಬೇಕಾಯಿತು. ಇತರ ತಾಯಂದಿರಿಗಾಗಿ ದುಡಿಯಹೊರಟವಳು ತನ್ನ ಮಗಳನ್ನೇ ಕಡಲಾಚೆ ಬಿಟ್ಟಳಲ್ಲ ಎಂದು ಆಕ್ಷೇಪಿಸುವವರು ಆಕ್ಷೇಪಿಸಬಹುದು. ತಾಯಿಮಕ್ಕಳ ಅಗಲಿಕೆ ಎಂದರೇನೆಂದು ಆಕೆ ತಿಳಿದದ್ದೂ ಆಗಲೇ ಇರಬೇಕು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ‘ಶಾರದಾ ಸದನ’ ಆರಂಭವಾಯಿತು. ಮೊದಲ ದಿನ ಇದ್ದವರು ಇಬ್ಬರೇ ವಿದ್ಯಾರ್ಥಿನಿಯರು. ಅವರಲ್ಲಿ ಒಬ್ಬರು ಬಾಲವಿಧವೆ ಗೋದೂಬಾಯಿ. ಮುಂದಿನ ವರ್ಷ ಸದನ ಪುಣೆಗೆ ಬಂದಿತು. ಮೇಲುಜಾತಿಯ ಹುಡುಗಿಯರು ತಮ್ಮ ಮಡಿಯಂತೆ ಬೇರೆ ಅಡುಗೆ ಮಾಡಿಕೊಳ್ಳಲು ಅಲ್ಲಿ ಏರ್ಪಾಡಿತ್ತು. ಆದರೂ 1893ರಲ್ಲಿ ದೊಡ್ಡ ಬಿರುಗಾಳಿ ಎದ್ದಿತು. ಕೆಲವು ಹುಡುಗಿಯರು ರಮಾಬಾಯಿಯ ಪ್ರಾರ್ಥನೆಯಲ್ಲಿ ಕೂಡುತ್ತಾರೆಂದು ತಿಳಿದಾಗ ಪುಣೆಯ ಪತ್ರಿಕೆಗಳು ಗುಡುಗಿದವು. ಸಲಹಾ ಮಂಡಲಿಯಲ್ಲಿದ್ದ ನ್ಯಾಯಮೂರ್ತಿ ರಾನಡೆ, ಡಾ. ಭಂಡಾರಕರ್ ಮುಂತಾದ ಹಿರಿಯರು ದೂರ ಸರಿದರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಪೋಷಕರು ಬಿಡಿಸಿಕೊಂಡು ಹೋದರು. ಆ ಹಿರಿಯರ ಕಳವಳ ನಿರಾಧಾರವಾಗಿತ್ತೆನ್ನಲಾಗದು. ಮತದ ವಿಷಯದಲ್ಲಿ ಸದನ ತಟಸ್ಥವಾಗಿರುವುದೆಂಬ ಭರವಸೆಯ ಮೇಲೆಯೇ ಅವರು ಬೆಂಬಲ ಕೊಟ್ಟಿದ್ದರು. ಆದರೆ ಬಿಡಿಸಿಕೊಂಡು ಹೋದ ಹುಡುಗಿಯರಿಗೆ ಮತ್ತೆ ಶಾಲೆಯನ್ನು ಯಾರು ತೆರೆದರು ಎಂಬ ಪ್ರಶ್ನೆಯನ್ನು ಆ ಗದ್ದಲದಲ್ಲಿ ಕೇಳಿದವರು ಕಡಿಮೆ.

ಅಮೇರಿಕೆಯ ಹಣ ಹತ್ತೇ ವರ್ಷ ಬರುವುದೆಂಬುದು ರಮಾಬಾಯಿಗೆ ಗೊತ್ತಿತ್ತು. ಪರರ ದುಡ್ಡಿನಿಂದ ನಡೆಯುವ ಮನೆ ದುಡ್ಡು ನಿಂತ ದಿನ ಕುಸಿಯುತ್ತದೆ. ಆದುದರಿಂದ ಕೇಡಗಾಂವದಲ್ಲಿ ಸುಮಾರು ನೂರು ಎಕರೆ ಬೀಳುಭೂಮಿಯನ್ನು ಕೊಂಡು, ಬಾವಿ ತೋಡಿಸಿ, ಮಾವು, ನಿಂಬೆ, ಕಿತ್ತಳೆ ಗಿಡಗಳನ್ನು ನೆಡಿಸಿದರು. ಹಣ್ಣಿನ ಹುಟ್ಟುವಳಿಯಿಂದ ಶಾಲೆಯನ್ನು ನಡೆಸಬೇಕೆಂಬುದು ಅವರ ಲೆಕ್ಕ. ಗಿಡಗಳು ಫಲ ಕೊಡುವ ಮೊದಲೇ ಬರ ಬಂದಿತು.

1896-97ರಲ್ಲಿ ಮಧ್ಯ ಪ್ರಾಂತದಲ್ಲಿ ಕ್ಷಾಮ ತಲೆದೋರಿತು. ರಮಾಬಾಯಿ ಸ್ವತಃ ಅಲ್ಲಿಗೆ ಹೋಗಿ ನೋಡಿದರು. ಗಂಜಿಕೇಂದ್ರಗಳಲ್ಲಿ ಹಸಿವಿಗಿಂತ ಭೀಕರವಾದ ಇನ್ನೊಂದು ಸಂಗತಿ ಅವರ ಕಣ್ಣಿಗೆ ಬಿದ್ದಿತು. ದಿಕ್ಕಿಲ್ಲದ ಹುಡುಗಿಯರನ್ನು, ಎಳೆಯ ವಿಧವೆಯರನ್ನು ಅನ್ನದ ಆಸೆ ತೋರಿಸಿ ಕರೆದೊಯ್ಯುವ ದುಷ್ಟರು ಅಲ್ಲಿ ಸುಳಿದಾಡುತ್ತಿದ್ದರು. ಸರಕಾರದ ಗಂಜಿ ಹೊಟ್ಟೆಯನ್ನು ಕಾಯುತ್ತಿತ್ತು, ಮಾನವನ್ನು ಕಾಯುವವರಿರಲಿಲ್ಲ. ಆಕೆ ನೂರಾರು ಜನರನ್ನು ಕರೆತಂದರು. ಪುಣೆಯಲ್ಲಿ ಆಗ ಪ್ಲೇಗು. ಹೊಸಬರನ್ನು ಊರೊಳಗೆ ಸೇರಿಸಲು ಅಧಿಕಾರಿಗಳು ಒಪ್ಪಲಿಲ್ಲ. ಬೇರೆ ದಾರಿ ಕಾಣದೆ ಎಲ್ಲರನ್ನೂ ಕೇಡಗಾಂವದ ತೋಟಕ್ಕೆ ಕರೆದೊಯ್ದು ಗುಡಾರಗಳಲ್ಲಿಯೂ ಹುಲ್ಲಿನ ಗುಡಿಸಲುಗಳಲ್ಲಿಯೂ ಇಟ್ಟರು. ಮುಂದೆ ಕಟ್ಟಡಗಳು ಎದ್ದವು. 1898ರ ಸೆಪ್ಟೆಂಬರಿನಲ್ಲಿ ‘ಮುಕ್ತಿ ಸದನ’ ವಿಧ್ಯುಕ್ತವಾಗಿ ಆರಂಭವಾಯಿತು. 1900ರಲ್ಲಿ ಗುಜರಾತಿನ ಕಡೆಯ ಬರದಿಂದ ಇನ್ನಷ್ಟು ಜನ ಬಂದಾಗ ಅಲ್ಲಿದ್ದವರ ಸಂಖ್ಯೆ ಸುಮಾರು ಎರಡು ಸಾವಿರಕ್ಕೆ ಏರಿತು.

ಎರಡು ಸಾವಿರ ಎಂಬುದನ್ನು ಓದುವುದು ಸುಲಭ. ತಲೆಗೆ ದಿನಕ್ಕೆ ಅರ್ಧ ಕಿಲೋ ಧಾನ್ಯ ಎಂದು ಹಿಡಿದರೂ ಪ್ರತಿದಿನ ಹತ್ತು ಕ್ವಿಂಟಲ್ ಬೇಕು. ಅದನ್ನು ಕೇರಬೇಕು, ಬೀಸಬೇಕು, ರೊಟ್ಟಿ ಬಡಿಯಬೇಕು. ಕುಡಿಯಲು, ಮೀಯಲು, ಬಟ್ಟೆ ಒಗೆಯಲು ತಲೆಗೆ ಎರಡು ಕೊಡ ನೀರೆಂದರೂ ನಾಲ್ಕು ಸಾವಿರ ಕೊಡ ನೀರನ್ನು ಬಾವಿಯಿಂದ ಸೇದಬೇಕು, ಅದೂ ಬರಗಾಲದಲ್ಲಿ. ಒಂದು ಮಗುವಿಗೆ ದಡಾರ ತಗಲಿದರೆ ನೂರು ಮಕ್ಕಳಿಗೆ ಹಬ್ಬುವ ಭಯ. ಎಷ್ಟು ದಿನ ಹಸಿದಿದ್ದರೋ ಏನೋ, ಬಂದವರಲ್ಲಿ ಅನೇಕರು ಆರೈಕೆಗೂ ದಕ್ಕದೆ ಹೋದರು. ಉಳಿದವರಿಗೆ ಕೂಡಲೇ ಅಕ್ಷರ ಕಲಿಸುವುದು ಆಗದ ಮಾತು. ಬಹುಕಾಲ ಉಪವಾಸವಿದ್ದ ಮಗು ತಟ್ಟೆಯ ಮೇಲೆ ಕಣ್ಣಿಡುತ್ತದೆಯೇ ಹೊರತು ಪಾಟಿಯ ಮೇಲಿಡುವುದಿಲ್ಲ.

ಇಷ್ಟು ಜನರನ್ನು ಸಂಬಳದ ಆಳುಗಳಿಂದ ನೋಡಿಕೊಳ್ಳುವುದು ಸಾಧ್ಯವಿರಲಿಲ್ಲ. ಶಾರದಾ ಸದನದಲ್ಲಿ ಓದಿ ಬರೆದು ಬೆಳೆದ ಹಳೆಯ ವಿದ್ಯಾರ್ಥಿನಿಯರು ಮುಂದೆ ಬಂದು ಹೊಸಬರ ಹೊಣೆ ಹೊತ್ತರು. ನಿನ್ನೆ ಆಶ್ರಯ ಬೇಡಿ ಬಂದವಳು ಇಂದು ಹತ್ತಾರು ಮಕ್ಕಳಿಗೆ ಅಕ್ಕ. ಈ ಏರ್ಪಾಡಿನ ಗುಣ ಲೆಕ್ಕಪುಸ್ತಕದಲ್ಲಿ ಕಾಣುವಂಥದಲ್ಲ. ಆಶ್ರಮವಾಸಿಗೆ ಅನ್ನಕ್ಕಿಂತ ಭಾರವಾದದ್ದು ಋಣ. ಬೇರೊಬ್ಬರನ್ನು ಸಾಕುವ ಕೆಲಸ ಕೈಗೆ ಬಂದ ದಿನ ಆ ಭಾರ ಅರ್ಧ ಇಳಿಯುತ್ತದೆ.

ಕೆಲಸವನ್ನೂ ಹಾಗೆಯೇ ಹಂಚಿದ್ದರು. ಹೊಲದ ಬೇಸಾಯ, ಹೈನು, ಎಣ್ಣೆ ತೆಗೆಯುವುದು, ಮಗ್ಗ, ಹೊಲಿಗೆ, ಬುಟ್ಟಿ ಹೆಣಿಗೆ ಎಲ್ಲವೂ ಅಲ್ಲಿ ನಡೆಯುತ್ತಿದ್ದವು. ಮುದ್ರಣಾಲಯವನ್ನೂ ಸ್ಥಾಪಿಸಿದರು. ಅಚ್ಚುಮೊಳೆ ಜೋಡಿಸುವವರೂ ಕಾಗದ ಮಡಿಸುವವರೂ ಹೆಂಗಸರೇ. ಕೂಸಿಗೆ ಹಾಲುಣಿಸಿ ಮಲಗಿಸಿ ಬಂದ ತಾಯಿ ಮಗ್ಗದ ಮುಂದೆ ಕೂರಬಹುದಾದರೆ, ಅದಕ್ಕೆ ಕೂಸು ಮಲಗುವ ತಾವೂ ಮಗ್ಗವಿರುವ ತಾವೂ ಹತ್ತಿರವಿರಬೇಕು. ಒಂದೇ ಆವರಣದಲ್ಲಿ ಇಷ್ಟು ಕಸುಬುಗಳನ್ನು ತಂದಿಟ್ಟದ್ದರಿಂದ ಇದು ಸಾಧ್ಯವಾಯಿತು. ಈಗಿನ ಕಾರ್ಖಾನೆಗಳು ಶಿಶುವಿಹಾರವನ್ನು ಕಟ್ಟಲು ಕಾನೂನಿನ ಒತ್ತಾಯ ಬೇಕಾಗಿದೆ.

ಲೋಕ ‘ಕೆಟ್ಟವಳು’ ಎಂದು ಹೊರಗಟ್ಟಿದ ಹೆಂಗಸರಿಗಾಗಿ ‘ಕೃಪಾ ಸದನ’ ಎಂಬ ಮನೆ ಬೇರೆಯಿತ್ತು. ಮುದುಕಿಯರಿಗೂ ಅಶಕ್ತರಿಗೂ ‘ಪ್ರೀತಿ ಸದನ’, ಗಂಡುಮಕ್ಕಳಿಗೆ ‘ಸದಾನಂದ ಸದನ’. ಮನೋರಮೆ ಅಮೇರಿಕೆಯಲ್ಲಿ ಬ್ರೈಲ್ ಲಿಪಿಯನ್ನು ಕಲಿತು ಬಂದು ಕುರುಡು ಹುಡುಗಿಯರಿಗೆ ಬೆರಳಿನಿಂದ ಓದುವುದನ್ನು ಕಲಿಸಿದರು. ತಾಯಿಯಿಂದ ದೂರ ಬೆಳೆಯಬೇಕಾಗಿ ಬಂದಿದ್ದ ಆ ಮಗಳೇ ತಾಯಿಯ ಬಲಗೈಯಾಗಿ ನಿಂತಳು. 1912ರಲ್ಲಿ, ಆಗ ನಿಜಾಮರ ಸಂಸ್ಥಾನದಲ್ಲಿದ್ದ ನಮ್ಮ ಕಲಬುರಗಿಯಲ್ಲಿ ರಮಾಬಾಯಿ ಒಂದು ಹೆಣ್ಣುಮಕ್ಕಳ ಶಾಲೆಯನ್ನು ತೆರೆದಾಗ ಅದರ ಮುಖ್ಯೋಪಾಧ್ಯಾಯಿನಿಯಾದವರೂ ಮನೋರಮೆಯೇ. 1921ರಲ್ಲಿ, ನಲವತ್ತರ ಹರೆಯದಲ್ಲಿ, ಆಕೆ ತೀರಿಕೊಂಡರು. ಮಗಳ ಮೇಲೆ ಎಲ್ಲ ಭಾರವನ್ನೂ ಇಳಿಸಬೇಕೆಂದಿದ್ದ ರಮಾಬಾಯಿ ಮತ್ತೆ ತಾವೇ ಹೊತ್ತುಕೊಂಡರು. ವರ್ಷ ತುಂಬುವ ಮೊದಲೇ, 1922ರ ಏಪ್ರಿಲ್ 5ರಂದು, ಅವರೂ ಕಣ್ಣು ಮುಚ್ಚಿದರು. ಕೇಡಗಾಂವದ ಸಂಸ್ಥೆ ಇಂದಿಗೂ ಉಳಿದಿದೆ.

ಶಾರದಾ ಸದನದ ಮೊದಲ ವಿಧವೆ ಗೋದೂಬಾಯಿಯ ಕಥೆ ಅಷ್ಟಕ್ಕೇ ನಿಲ್ಲಲಿಲ್ಲ. 1893ರಲ್ಲಿ ಧೋಂಡೊ ಕೇಶವ ಕರ್ವೆಯವರು ಆಕೆಯನ್ನು ಮದುವೆಯಾದರು. ಆಕೆ ಆನಂದೀಬಾಯಿ ಕರ್ವೆಯಾದರು. 1896ರಲ್ಲಿ ಕರ್ವೆಯವರು ವಿಧವೆಯರಿಗಾಗಿ ಸ್ಥಾಪಿಸಿದ ಆಶ್ರಮ ಮುಂದೆ ಪುಣೆಯ ಬಳಿಯ ಹಿಂಗಣೆಯಲ್ಲಿ ನೆಲೆಗೊಂಡಿತು. ಆನಂದೀಬಾಯಿಯ ತಂಗಿ ಪಾರ್ವತೀಬಾಯಿ ಆಠವಲೆ ಎಳೆಯ ಮಗನೊಡನೆ ವಿಧವೆಯಾದವರು. ಅಕ್ಷರ ಕಲಿತದ್ದೇ ಆಮೇಲೆ. ಅವರು ಆ ಆಶ್ರಮವನ್ನು ಸೇರಿ, ಅದರ ಮೇಲ್ವಿಚಾರಣೆ ಹೊತ್ತು, ಅದಕ್ಕಾಗಿ ಊರೂರು ತಿರುಗಿ ವಂತಿಗೆ ಕೂಡಿಸಿದರು. ಕನ್ನಡ ನಾಡಿನಲ್ಲಿಯೂ ಈ ಬೀಜ ಬಿದ್ದು ಮೊಳೆಯಿತು. ಬೆಂಗಳೂರಿನಲ್ಲಿ 1905ರಲ್ಲಿ ಅಬಲಾಶ್ರಮ ಹುಟ್ಟಿತು. ಧಾರವಾಡದಲ್ಲಿ ಸ್ವತಃ ಬಾಲವಿಧವೆಯಾಗಿದ್ದ ಭಾಗೀರಥಿಬಾಯಿ ಪುರಾಣಿಕರು 1928ರಲ್ಲಿ ವನಿತಾ ಸೇವಾ ಸಮಾಜವನ್ನು ಕಟ್ಟಿದರು.

ಇಂದು ಈ ಕೆಲಸದ ಬಹುಪಾಲನ್ನು ಸರಕಾರ ತನ್ನ ಹೊಣೆಯೆಂದು ಒಪ್ಪಿಕೊಂಡಿದೆ. 2015ರಿಂದ ಜಿಲ್ಲಾಕೇಂದ್ರಗಳಲ್ಲಿ ‘ಸಖಿ’ ಕೇಂದ್ರಗಳು ತೆರೆಯತೊಡಗಿದವು. 2022ರಲ್ಲಿ ಹಳೆಯ ಆಶ್ರಯ ಯೋಜನೆಗಳನ್ನು ಕೂಡಿಸಿ ‘ಶಕ್ತಿ ಸದನ’ ಎಂಬ ಹೆಸರಿಡಲಾಯಿತು. ಮನೆಯಲ್ಲಿ ಹೊಡೆತ ತಾಳಲಾರದೆ ಮಗುವನ್ನೆತ್ತಿಕೊಂಡು ಹೊರಬಿದ್ದ ಹೆಣ್ಣು 181 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ದಾರಿ ತೋರಿಸುವವರಿದ್ದಾರೆ. ಮಸೂತಿಯಲ್ಲಿರಲಿ ಸಿಂದಗಿಯಲ್ಲಿರಲಿ, ಈ ಮೂರು ಅಂಕಿಗಳನ್ನು ಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ ಓಣಿಯಲ್ಲಿದ್ದರೆ ಒಂದು ಜೀವಕ್ಕೆ ಆಧಾರವಾದೀತು.

ಈ ಆಶ್ರಯಗೃಹಗಳಲ್ಲಿ ಹೆಣ್ಣುಮಕ್ಕಳು ತಾಯಿಯ ಬಳಿಯೇ ಇರಬಹುದು. ಗಂಡುಮಗನಿಗಾದರೆ ಒಂದು ವಯಸ್ಸಿನ ಮಿತಿಯುಂಟು. ಅದನ್ನು ದಾಟಿದವನು ಬಾಲಕರ ಗೃಹಕ್ಕೆ ಹೋಗಬೇಕು. ಹೆಂಗಸರೇ ಇರುವ ಮನೆಯಲ್ಲಿ ಅಂಥ ನಿಯಮ ಬೇಕಾದುದೇ. ಆದರೂ ಆ ವಯಸ್ಸು ಹತ್ತಿರವಾಗುತ್ತಿದ್ದಂತೆ ತಾಯಿ ದಿನ ಎಣಿಸತೊಡಗುತ್ತಾಳೆ. ಅಷ್ಟರೊಳಗೆ ಒಂದು ಕಸುಬು ಕೈಗೆ ಹತ್ತಬೇಕು, ಹೊರಗೆ ಒಂದು ಬಾಡಿಗೆ ಕೋಣೆ ಸಿಗಬೇಕು. ಹೊಲಿಗೆಯ ಯಂತ್ರದ ಮುಂದೆ ಕುಳಿತ ಅಂಥವಳೊಬ್ಬಳಿಗೆ ಬಟ್ಟೆ ಕತ್ತರಿಸುವುದನ್ನು ಬೇಗ ಬೇಗ ಕಲಿಸಿಕೊಡುವ ಶಿಕ್ಷಕಿಗೂ ಈ ಲೆಕ್ಕ ಗೊತ್ತಿರುತ್ತದೆ.